ಕೊನೇ ಪಂಕ್ತಿಯಲ್ಲಿ ಕೂತು ನೋಡಿದ ಜೆಎನ್‌ಯು ಮೆಸ್‌ಗಳು

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಯಾವ ಹಾಸ್ಟೆಲ್ ಮೆಸ್ ಚೆನ್ನಾಗಿದೆ ಅಂತ ಕೇಳಿ ನೋಡಿ. ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಒಬ್ಬರಿಗೆ ಒಂದು ಕಡೆಯ ಚಿಕನ್ ಇಷ್ಟ, ಇನ್ನೊಬ್ಬರಿಗೆ ಮತ್ತೊಂದು ಕಡೆಯ ಪರಾಠಾ. ಯಾರೋ ಗೆಳೆಯರ ಜೊತೆ ಹಬ್ಬದ ದಿನ ಹೋಗಿ ಉಂಡಿರುತ್ತಾರೆ, ಅದೇ ನಾಲಿಗೆ ಮೇಲೆ ಉಳಿದಿರುತ್ತದೆ. ನಾನು ಅಲ್ಲಿ ಪಿಎಚ್‌ಡಿ ಮಾಡುವಾಗ ನಮ್ಮ ಹಾಸ್ಟೆಲ್‌ಗೆ ಮೆಸ್ ಸೆಕ್ರೆಟರಿಯಾಗಿ ಆರಿಸಿ ಬಂದೆ. ಆಮೇಲೆ ನನಗೆ ಈ ಪ್ರಶ್ನೆ ಸುಮ್ನೆ ಹರಟೆಯ ವಿಷಯವಾಗಿ ಉಳಿಯಲಿಲ್ಲ. ನಮ್ಮ ಮೆಸ್ ಸುಧಾರಿಸಬೇಕು ಅಂದರೆ ಬೇರೆಯವರು ಹೇಗೆ ನಡೆಸುತ್ತಾರೆ ಅಂತ ಸರಿಯಾಗಿ ನೋಡಲೇಬೇಕಿತ್ತು. ಹಾಗೆ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಹಾಸ್ಟೆಲ್‌ಗಳಿಗೆಲ್ಲ ನದಿಗಳ ಹೆಸರು. ಗಂಗಾ, ಝೇಲಂ, ಸಟ್ಲೆಜ್, ಸಾಬರಮತಿ, ತಾಪ್ತಿ, ನರ್ಮದಾ, ಗೋದಾವರಿ, ಪೆರಿಯಾರ್, ಲೋಹಿತ್, ಬ್ರಹ್ಮಪುತ್ರ, ಕೊಯ್ನಾ ಹೀಗೆ. ಕಾವೇರಿಯೂ ಇದೆ. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗರು ಆ ಬೋರ್ಡು ನೋಡಿ ಹಿಗ್ಗುತ್ತಾರೆ. ಆದರೆ ಎಲ್ಲಿ ಹೋದರೂ ತಟ್ಟೆಗೆ ಬೀಳುವುದು ರೊಟ್ಟಿ, ದಾಲ್, ಸಬ್ಜಿ, ಅನ್ನ. ಹಾಗಾದರೆ ಒಂದು ಮೆಸ್‌ಗೂ ಇನ್ನೊಂದಕ್ಕೂ ಏನು ವ್ಯತ್ಯಾಸ? ಅಡುಗೆಮನೆ ಬೇರೆ, ಅಡುಗೆಯವರು ಬೇರೆ, ಲೆಕ್ಕ ಬೇರೆ. ವಿದ್ಯಾರ್ಥಿಗಳೇ ಆರಿಸಿದ ಮೆಸ್ ಕಮಿಟಿ ಮೆನು ತೀರ್ಮಾನ ಮಾಡುತ್ತದೆ. ತಿಂಗಳಿಗೆ ದಿನಸಿ, ತರಕಾರಿ, ಹಾಲು, ಗ್ಯಾಸಿಗೆ ಎಷ್ಟು ಖರ್ಚಾಯಿತೋ ಅದನ್ನು ಉಂಡವರಿಗೆ ಹಂಚಿದರೆ ಬಿಲ್. ಲಾಭದ ಮಾತಿಲ್ಲ. ಅಂದರೆ ತಿನ್ನದೆ ಎಂಜಲು ಡ್ರಮ್ಮಿಗೆ ಹೋದ ಪ್ರತಿ ರೊಟ್ಟಿಯ ದುಡ್ಡೂ ನಮ್ಮ ಜೇಬಿನದೇ.

ಈ ದುಡ್ಡು ಸಣ್ಣದಲ್ಲ. 2019ರಲ್ಲಿ ಹಾಸ್ಟೆಲ್ ಶುಲ್ಕ ಏರಿಸುವ ಪ್ರಸ್ತಾಪ ಬಂದು ದೊಡ್ಡ ಚಳವಳಿ ಆಯಿತಲ್ಲ, ಆಗ ದೇಶದ ಪತ್ರಿಕೆಗಳೆಲ್ಲ ರೂಮ್ ಬಾಡಿಗೆಯ ಬಗ್ಗೆ ಬರೆದವು. ಒಬ್ಬರ ರೂಮಿಗೆ ತಿಂಗಳಿಗೆ 20 ರೂಪಾಯಿ ಇದ್ದದ್ದು 600, ಇಬ್ಬರ ರೂಮಿಗೆ 10 ಇದ್ದದ್ದು 300, ಜೊತೆಗೆ 1700 ರೂಪಾಯಿ ಸೇವಾ ಶುಲ್ಕ ಅಂತ ಪ್ರಸ್ತಾಪ ಇತ್ತು. ಹೊರಗಿನವರಿಗೆ ಆ ಇಪ್ಪತ್ತು ರೂಪಾಯಿ ಮಾತ್ರ ಕಂಡಿತು. ಮೆಸ್ ಬಿಲ್ ಬೇರೆ, ಅದು ಸಾವಿರಗಳ ಲೆಕ್ಕದಲ್ಲಿ ಬರುತ್ತದೆ ಅನ್ನುವುದು ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ. ರಾಷ್ಟ್ರೀಯ ಮಟ್ಟದ ನೆಟ್ ಪರೀಕ್ಷೆಯಿಂದ ಸಿಗುವ ಫೆಲೋಶಿಪ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ ತಿಂಗಳಿಗೆ ಸಿಗುವುದು 8000 ರೂಪಾಯಿ. ಎಂಎ ಓದುವ ಹೆಚ್ಚಿನವರಿಗೆ ಮನೆಯಿಂದ ಬರಬೇಕು. ಬೀದರ್, ರಾಯಚೂರು ಕಡೆಯಿಂದ ಬಂದ ಹುಡುಗನೊಬ್ಬ ತಿಂಗಳ ಕೊನೆಗೆ ಮೆಸ್ ಬಿಲ್ ಹಾಳೆಯ ಮುಂದೆ ನಿಂತು ತನ್ನ ಹೆಸರಿನ ಮೇಲೆ ಬೆರಳಾಡಿಸುವುದನ್ನು ನೋಡಿದರೆ, ಊಟದ ರುಚಿ ಮತ್ತು ರೇಟು ಎರಡನ್ನೂ ಒಟ್ಟಿಗೇ ತೂಗಬೇಕು ಅಂತ ಅರ್ಥವಾಗುತ್ತದೆ.

ಸರಿ, ಹೋಲಿಸುವುದು ಹೇಗೆ? ನಮ್ಮ ಕಡೆ ಮದುವೆ ಮನೆಯ ಅಡುಗೆ ಅಳೆಯಬೇಕಾದರೆ ಕೊನೇ ಪಂಕ್ತಿಗೆ ಕೂರಬೇಕು ಅಂತಾರೆ. ಮೊದಲ ಪಂಕ್ತಿಗೆ ಎಲ್ಲ ಬಿಸಿ, ಎಲ್ಲ ಧಾರಾಳ. ಕೊನೇ ಪಂಕ್ತಿಗೆ ಸಾರು ತೆಳ್ಳಗಾಗಿದೆಯಾ, ಪಲ್ಯ ಉಳಿದಿದೆಯಾ, ಬಡಿಸುವವರ ಮುಖ ಹೇಗಿದೆ, ಅದರಲ್ಲಿ ಅಡುಗೆಯವರ ಯೋಗ್ಯತೆ ಗೊತ್ತಾಗುತ್ತದೆ. ನಾನೂ ಅದನ್ನೇ ಹಿಡಿದೆ. ಬೇರೆ ಹಾಸ್ಟೆಲ್‌ಗೆ ಅತಿಥಿ ಕೂಪನ್ ತಗೊಂಡು ಹೋದಾಗಲೆಲ್ಲ ಬಾಗಿಲು ಹಾಕುವ ಮುಂಚಿನ ಅರ್ಧ ಗಂಟೆಯಲ್ಲೇ ಹೋದೆ. ಆ ಹೊತ್ತಿಗೆ ಬರುವವರು ಯಾರು? ಲ್ಯಾಬ್‌ನಿಂದ ತಡವಾಗಿ ಬರುವವರು, ಲೈಬ್ರರಿಯಲ್ಲಿ ಕೂತವರು, ಊರಾಚೆ ಎಲ್ಲೋ ಟ್ಯೂಷನ್ ಹೇಳಿ ಬಸ್ ಹಿಡಿದು ಬರುವವರು. ಮೊದಲು ಬಂದವರಷ್ಟೇ ಬಿಲ್ ಅವರೂ ಕೊಡುತ್ತಾರೆ, ಅಲ್ವಾ?

ಇನ್ನೆರಡು ಕಟ್ಟುಪಾಡು ಹಾಕಿಕೊಂಡೆ. ಒಂದು, ಸ್ಪೆಷಲ್ ಡಿನ್ನರ್ ದಿನ, ಹಾಸ್ಟೆಲ್ ನೈಟ್ ದಿನ ಹೋಗಬಾರದು. ಅವತ್ತು ಎಲ್ಲರೂ ಚೆನ್ನಾಗೇ ಮಾಡುತ್ತಾರೆ. ಎರಡು, ಒಂದೇ ಅಡುಗೆಯನ್ನು ಒಂದೇ ಕಾಲದಲ್ಲಿ ಹೋಲಿಸಬೇಕು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಡಿಗೆ ಹೂಕೋಸು, ಬಟಾಣಿ, ಕೆಂಪು ಕ್ಯಾರೆಟ್, ಮೂಲಂಗಿ, ಸೊಪ್ಪು ರಾಶಿ ಬೀಳುತ್ತದೆ. ಅಗ್ಗ, ರುಚಿ. ಆಗ ಯಾವ ಮೆಸ್ ಆದರೂ ಚಂದ. ಮೇ, ಜೂನ್‌ನಲ್ಲಿ ಸೋರೆಕಾಯಿ, ಹೀರೆಕಾಯಿ, ಮತ್ತೆ ಟಿಂಡಾ ಅನ್ನುವ ದುಂಡನೆಯ ಸಣ್ಣ ಹಸಿರು ಕಾಯಿ. ಒಂದು ಮೆಸ್ ಅನ್ನು ಚಳಿಗಾಲದಲ್ಲಿ ನೋಡಿ ಇನ್ನೊಂದನ್ನು ಬೇಸಿಗೆಯಲ್ಲಿ ನೋಡಿದರೆ ನೀವು ಹೋಲಿಸಿದ್ದು ಮಂಡಿಯನ್ನು, ಮೆಸ್ ಅನ್ನಲ್ಲ. ಅದಕ್ಕೇ ನಾನು ರಾಜ್ಮಾ ಅನ್ನದ ದಿನ ಮತ್ತು ಮಾಮೂಲಿ ತೊಗರಿ ದಾಲ್ ದಿನ ಆರಿಸಿಕೊಂಡೆ. ಈ ಎರಡೂ ವರ್ಷಪೂರ್ತಿ ಇರುತ್ತವೆ.

ದಾಲ್ ನೋಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಸೌಟು ಹಾಕಿಸಿಕೊಂಡು ತಟ್ಟೆಯನ್ನು ಸ್ವಲ್ಪ ವಾರೆ ಮಾಡಿ. ಬೇಳೆ ಚೆನ್ನಾಗಿ ಬೆಂದು ಕಡೆದಿದ್ದರೆ ಇಡೀ ದಾಲ್ ಒಟ್ಟಿಗೆ ನಿಧಾನವಾಗಿ ಜಾರುತ್ತದೆ. ಆಮೇಲೆ ಬಿಸಿನೀರು ಸುರಿದು ಹಿಗ್ಗಿಸಿದ್ದರೆ ಮೊದಲು ಹಳದಿ ನೀರು ಹರಿದು ಬರುತ್ತದೆ, ಬೇಳೆ ಹಿಂದೆ ಕೂತಿರುತ್ತದೆ. ಒಂದು ಮೆಸ್‌ನಲ್ಲಿ ಕೊನೆಯ ಹೊತ್ತಿನಲ್ಲೂ ದಾಲ್ ಒಟ್ಟಿಗೇ ಜಾರಿತು, ಜೀರಿಗೆಯ ವಾಸನೆ ಆಗಷ್ಟೇ ಒಗ್ಗರಣೆ ಹಾಕಿದ ಹಾಗಿತ್ತು. ಹೇಗೆ ಅಂತ ಮರುದಿನ ಮಧ್ಯಾಹ್ನ ಅಡುಗೆಮನೆಗೆ ಹೋಗಿ ಕೇಳಿದೆ. ಮಧ್ಯಾಹ್ನದ ಊಟ ಮುಗಿದು ಸಂಜೆ ಕೆಲಸ ಶುರುವಾಗುವ ಮುಂಚೆ ಅಡುಗೆಯವರಿಗೆ ಒಂದಿಷ್ಟು ಬಿಡುವಿರುತ್ತದೆ. ಅದೇ ಮಾತಾಡುವ ಹೊತ್ತು. ಅಲ್ಲಿನ ಹಿರಿಯ ಅಡುಗೆಯವರು ಉತ್ತರಾಖಂಡದ ಕಡೆಯವರು. ಅವರು ಹೇಳಿದ್ದು ಇಷ್ಟೇ. ಬೇಳೆ ಎಲ್ಲ ಒಟ್ಟಿಗೇ ಬೇಯಿಸುತ್ತೇವೆ, ಒಗ್ಗರಣೆ ಮಾತ್ರ ಎರಡು ಸಲ ಹಾಕುತ್ತೇವೆ. ಅರ್ಧ ಪಾತ್ರೆಗೆ ಮೊದಲು. ಉಳಿದರ್ಧ ಸಣ್ಣ ಉರಿಯಲ್ಲಿ ಹಾಗೇ ಇರುತ್ತದೆ, ಮೊದಲನೆಯದು ಮುಗಿಯುತ್ತಾ ಬಂದಾಗ ಅದಕ್ಕೆ. ಎಣ್ಣೆ ಅಷ್ಟೇ, ಜೀರಿಗೆ ಅಷ್ಟೇ. ಒಂದು ಪೈಸೆ ಖರ್ಚು ಹೆಚ್ಚಿಲ್ಲ.

ರೊಟ್ಟಿಯದೂ ಅದೇ ಕಥೆ. ಎಲ್ಲವನ್ನೂ ಮೊದಲೇ ಮಾಡಿ ಸ್ಟೀಲ್ ಡಬ್ಬಕ್ಕೆ ತುಂಬಿ ಮುಚ್ಚಿದರೆ ಹಬೆಗೆ ಕೆಳಗಿನದು ಒದ್ದೆ, ಮೇಲಿನದು ಚರ್ಮ. ತವಾ ಆರಿಸದೆ ಸಣ್ಣ ಸಣ್ಣ ಕಂತಿನಲ್ಲಿ ಮಾಡಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಇಡುವ ಕಡೆ ಕೊನೆಯ ರೊಟ್ಟಿಯೂ ಮೆತ್ತಗಿತ್ತು.

ಅನ್ನದ ಬಗ್ಗೆ ನನಗೆ ಪಕ್ಷಪಾತ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. ಹಾಸನದ ಕಡೆಯವನು ನಾನು, ಸೋನಾ ಮಸೂರಿ ತಿಂದು ಬೆಳೆದವನು. ದೆಹಲಿಯ ಮೆಸ್‌ಗಳಿಗೆ ಬರುವುದು ಹೆಚ್ಚಾಗಿ ಪರ್ಮಲ್ ಅಕ್ಕಿ. ಕಾಳು ಗಟ್ಟಿ, ಆರಿದರೆ ಬಿರುಸು. ಆದರೆ ಅನ್ನ ಉಣ್ಣುವವರು ದಕ್ಷಿಣದವರಷ್ಟೇ ಅಂತ ತಿಳಿಯಬೇಡಿ. ಒಡಿಶಾ, ಬಂಗಾಳ, ಅಸ್ಸಾಂ, ಮಣಿಪುರ, ಬಿಹಾರದವರು ಎಲ್ಲ ಸೇರಿದರೆ ನಮ್ಮ ಹಾಸ್ಟೆಲ್‌ನಲ್ಲಿ ಅನ್ನದವರದೇ ದೊಡ್ಡ ಗುಂಪು. ಆದರೂ ಎಷ್ಟೋ ಕಡೆ ಅನ್ನ ಅಂದರೆ ರೊಟ್ಟಿಯ ಪಕ್ಕದ ಒಂದು ಮುಷ್ಟಿ ಅಂತ ಲೆಕ್ಕ ಹಾಕಿ ಬೇಯಿಸುತ್ತಾರೆ, ಕೊನೆಗೆ ಬಂದವರಿಗೆ ಪಾತ್ರೆಯ ತಳದ ಮುದ್ದೆ. ಗಂಜಿ ಸರಿಯಾಗಿ ಬಸಿಯದೆ ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ತಳದ ಅನ್ನ ಹಾಗಾಗುತ್ತದೆ. ಚೆನ್ನಾಗಿ ಮಾಡುವವರು ಬಸಿದ ಕೂಡಲೇ ಅಗಲವಾದ ಪರಾತಕ್ಕೆ ಹರಡುತ್ತಾರೆ.

ರುಚಿಯ ಮಾತು ಆಯಿತು. ಈಗ ಎಂಜಲು ಡ್ರಮ್. ತಟ್ಟೆ ತೊಳೆಯುವ ಕಡೆ ಒಂದು ಡ್ರಮ್ ಇರುತ್ತದಲ್ಲ, ಅದರ ಪಕ್ಕ ಸ್ವಲ್ಪ ಹೊತ್ತು ನಿಂತರೆ ಆ ಮೆಸ್‌ನ ಬಗ್ಗೆ ಅರ್ಧ ಗೊತ್ತಾಗುತ್ತದೆ. ರೊಟ್ಟಿಯೇ ಜಾಸ್ತಿ ಬಿದ್ದಿದ್ದರೆ ತಣ್ಣಗಿದೆ ಅಂತ ಅರ್ಥ. ಸಬ್ಜಿ ಬಿದ್ದಿದ್ದರೆ ರುಚಿ ಇಲ್ಲ, ಅಥವಾ ಕೇಳದೆ ಬಡಿಸಿದ್ದಾರೆ. ನಮ್ಮ ಮೆಸ್‌ನಲ್ಲಿ ತರಕಾರಿ ತೂಗುವ ತಕ್ಕಡಿಯಲ್ಲೇ ಡ್ರಮ್ ತೂಗಿಸಿ, ಅವತ್ತಿನ ಮೆನುವಿನ ಎದುರು ಬರೆದಿಡಲು ಶುರು ಮಾಡಿದೆವು. ಯಾವ ಅಡುಗೆ ಜನಕ್ಕೆ ಬೇಡ ಅನ್ನುವುದಕ್ಕೆ ಇದಕ್ಕಿಂತ ನಂಬಿಕೆಯ ಸಮೀಕ್ಷೆ ನನಗೆ ಸಿಗಲಿಲ್ಲ. ಬಾಯಲ್ಲಿ ಕೇಳಿದರೆ ಎಲ್ಲರೂ ಪನೀರ್ ಅಂತಲೇ ಹೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ದಾಸ್ತಾನು ಪುಸ್ತಕ. ಬೇರೆ ಹಾಸ್ಟೆಲ್‌ಗಳ ಸೆಕ್ರೆಟರಿಗಳು ಹೆಚ್ಚಿನವರು ಪ್ರೀತಿಯಿಂದಲೇ ತೋರಿಸಿದರು. ದಿನದ ರೇಟು ಮಾತ್ರ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಂದೇ ರೇಟಿನ ಎರಡು ಮೆಸ್‌ಗಳಲ್ಲಿ ಒಂದು ಕಡೆ ವಾರಕ್ಕೆರಡು ದಿನ ಪನೀರ್, ಉಳಿದ ದಿನ ನೀರು ದಾಲ್. ಇನ್ನೊಂದು ಕಡೆ ದಿನವೂ ಗಟ್ಟಿ ದಾಲ್, ಮೊಸರು. ಅದಕ್ಕೇ ತಿಂಗಳ ಬೇಳೆಯನ್ನು ಉಂಡವರ ಸಂಖ್ಯೆಯಿಂದ ಭಾಗಿಸಬೇಕು. ಉದಾಹರಣೆಗೆ 300 ಜನ, 30 ದಿನ ಅಂದರೆ 9000. ಬೇಳೆ, ಕಾಳು ಎಲ್ಲ ಸೇರಿ 450 ಕಿಲೋ ಖರ್ಚಾಗಿದ್ದರೆ ಒಬ್ಬರಿಗೆ ದಿನಕ್ಕೆ 50 ಗ್ರಾಂ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ದಿನದ ತಟ್ಟೆಗೆ ಸೂಚಿಸುವುದು 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ. ಆ ತರಕಾರಿಯಲ್ಲಿ ಆಲೂಗಡ್ಡೆ ಸೇರಿಲ್ಲ. ಮೊಟ್ಟೆ, ಮಾಂಸ ತಿನ್ನುವವರು ಬೇಳೆಯ ಪಾಲನ್ನು ಸ್ವಲ್ಪ ಅದರಿಂದ ತುಂಬಿಕೊಳ್ಳಬಹುದು. ಸಸ್ಯಾಹಾರಿಗೆ ಆ ದಾರಿಯಿಲ್ಲ. ಈ ಲೆಕ್ಕ ಹಾಕಿದ ಮೇಲೆ ಆಲೂ ಗೋಬಿ, ಆಲೂ ಮಟರ್, ಆಲೂ ಬೈಂಗನ್ ಅಂತ ವಾರವಿಡೀ ಓಡುವ ಮೆನುವನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಹೆಸರು ಬೇರೆ ಬೇರೆ, ತಟ್ಟೆಯಲ್ಲಿ ಮುಕ್ಕಾಲು ಪಾಲು ಆಲೂಗಡ್ಡೆ.

ಊಟದ ಹಾಲ್ ಬಗ್ಗೆ ಒಂದು ಮಾತು. ಜೆಎನ್‌ಯು ಮೆಸ್ ರಾತ್ರಿ ಊಟ ಮುಗಿದ ಮೇಲೆ ಸಭಾಂಗಣವಾಗುತ್ತದೆ. ಟೇಬಲ್ ಮೇಲೆ ಪ್ರತಿ ಸಂಘಟನೆಯ ಕರಪತ್ರ ಬಿದ್ದಿರುತ್ತದೆ, ಊಟ ಮಾಡುತ್ತಲೇ ಓದುತ್ತೇವೆ. ಆಮೇಲೆ ಬೆಂಚು ತಿರುಗಿಸಿ ಭಾಷಣ, ಪ್ರಶ್ನೆ, ಜಗಳ. ಪ್ರೊಫೆಸರ್‌ಗಳು, ಪತ್ರಕರ್ತರು, ವಕೀಲರು ಬಂದು ಮಾತಾಡುತ್ತಾರೆ. ನನಗೆ ದೇಶದ ಬಗ್ಗೆ ಗೊತ್ತಾದದ್ದರಲ್ಲಿ ಒಂದು ಪಾಲು ಎಣ್ಣೆ ಜಿಡ್ಡಿನ ಆ ಟೇಬಲ್‌ಗಳ ಮುಂದೆಯೇ. ಹಾಗಾಗಿ ಕೂರಲು ಜಾಗ ಇದೆಯಾ, ಫ್ಯಾನ್ ತಿರುಗುತ್ತದಾ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದಾ ಅನ್ನುವುದನ್ನೂ ಅಂಕದಲ್ಲಿ ಸೇರಿಸಿಕೊಂಡೆ. ಗಬಗಬ ತಿಂದು ಎದ್ದು ಹೋಗುವ ಹಾಲ್‌ಗಿಂತ ಜನ ಕೂತು ಮಾತಾಡುವ ಹಾಲ್ ನನಗೆ ಇಷ್ಟ.

ಇದೆಲ್ಲ ನೋಡಿಕೊಂಡು ಬಂದು ಹಾಸ್ಟೆಲ್‌ನ ಜಿಬಿಎಂನಲ್ಲಿ, ಅಂದರೆ ಎಲ್ಲ ನಿವಾಸಿಗಳ ಸಭೆಯಲ್ಲಿ, ಮುಂದಿಟ್ಟೆ. ದಾಲ್‌ಗೆ ಎರಡು ಸಲ ಒಗ್ಗರಣೆಗೆ ಯಾರ ತಕರಾರೂ ಇರಲಿಲ್ಲ. ಸಬ್ಜಿ ಮೊದಲು ಕಮ್ಮಿ ಬಡಿಸಿ, ಬೇಕಾದವರು ಮತ್ತೆ ಹಾಕಿಸಿಕೊಳ್ಳುವುದಕ್ಕೂ ಒಪ್ಪಿದರು. ಪನೀರ್ ವಾರಕ್ಕೆ ಒಂದು ದಿನ ಮಾಡಿ ಆ ದುಡ್ಡಿನಲ್ಲಿ ಬೇಳೆ, ಸೊಪ್ಪು ಜಾಸ್ತಿ ಮಾಡೋಣ ಅಂದಾಗ ಮಾತ್ರ ದೊಡ್ಡ ಗಲಾಟೆ. ನಾನು ಬೇಳೆಯ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ನಾವು ತಿನ್ನುತ್ತಿರುವುದು ಇಷ್ಟು, ತಿನ್ನಬೇಕಾದದ್ದು ಇಷ್ಟು. ಒಂದು ತಿಂಗಳು ನೋಡೋಣ ಅಂತ ಕೊನೆಗೆ ಒಪ್ಪಿಗೆ ಸಿಕ್ಕಿತು. ಆ ಒಂದು ತಿಂಗಳು ಮುಗಿದ ಮೇಲೆ ಹಳೆಯ ಮೆನು ಬೇಕು ಅಂತ ಯಾರೂ ಕೇಳಲಿಲ್ಲ.

ಅಡುಗೆಯವರ ಜೊತೆ ಮಾತಾಡದೆ ಇದ್ಯಾವುದೂ ನಡೆಯುತ್ತಿರಲಿಲ್ಲ. ರೊಟ್ಟಿಯನ್ನೂ ಒಮ್ಮೆಲೇ ಮಾಡದೆ ಎರಡು ಕಂತಿನಲ್ಲಿ ಮಾಡಬೇಕು ಅಂದರೆ ತವಾ ಮುಂದೆ ಇನ್ನೂ ಒಂದು ಗಂಟೆ ನಿಲ್ಲಬೇಕು, ಅದೂ ದೆಹಲಿಯ ಜೂನ್‌ನಲ್ಲಿ. ಯಾರು ನಿಲ್ಲಬೇಕು ಅನ್ನುವುದನ್ನು ಅವರೇ ಸರದಿ ಹಾಕಿಕೊಂಡರು, ತವಾ ಪಕ್ಕಕ್ಕೆ ಒಂದು ದೊಡ್ಡ ಫ್ಯಾನ್ ಬೇಕು ಅಂತ ಕೇಳಿದರು. ನ್ಯಾಯವಾದ ಬೇಡಿಕೆ. ಮೊದಲು ಫ್ಯಾನ್ ಬಂತು, ಆಮೇಲೆ ಎರಡನೇ ಕಂತು ಶುರುವಾಯಿತು. ಬೇರೆ ಹಾಸ್ಟೆಲ್‌ಗಳ ಯಾವುದೇ ಒಳ್ಳೆಯ ಪದ್ಧತಿ ತರುವ ಮುಂಚೆ ಅದು ಯಾರ ಮೈಮೇಲೆ ಬೀಳುತ್ತದೆ ಅಂತ ನೋಡಿ. ಅಮ್ಮ ಕಳಿಸಿದ ಸಾರಿನ ಪುಡಿಯನ್ನು ಒಂದು ದಿನ ಅಡುಗೆಮನೆಗೆ ಕೊಟ್ಟಿದ್ದೆ. ಹುಣಸೆಹುಳಿ ಎಷ್ಟು ಅಂತ ಪಕ್ಕದಲ್ಲಿ ನಿಂತು ಹೇಳಿದೆ. ಒಡಿಶಾದ ಗೆಳೆಯರು ಅದನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿದರು. ಆಮೇಲೆ ಶನಿವಾರದ ಮಧ್ಯಾಹ್ನಕ್ಕೆ ಸಾರು ಖಾಯಂ ಆಯಿತು.

ಬೇಸಿಗೆಯ ಟಿಂಡಾಕ್ಕೆ ಮಾತ್ರ ದಾರಿ ಸಿಗಲಿಲ್ಲ. ಕಡಲೆಬೇಳೆ ಹಾಕಿ ಮಾಡಿಸಿದೆವು, ಮಸಾಲೆ ತುಂಬಿ ಮಾಡಿಸಿದೆವು, ಡ್ರಮ್ಮಿನ ತೂಕ ಇಳಿಯಲಿಲ್ಲ. ಸೋರೆಕಾಯಿ ಕಡಲೆಬೇಳೆ ಜೊತೆ ಸೇರಿದರೆ ಜನ ತಿನ್ನುತ್ತಾರೆ, ಹೀರೆಕಾಯಿಯೂ ಪರವಾಗಿಲ್ಲ. ನನ್ನ ನಂತರ ಬಂದ ಸೆಕ್ರೆಟರಿಗೆ ಡ್ರಮ್ಮಿನ ತೂಕ ಬರೆದಿಟ್ಟ ಪುಸ್ತಕ ಕೊಡುವಾಗ ಟಿಂಡಾದ ಪುಟಕ್ಕೆ ಗುರುತು ಹಾಕಿಟ್ಟೆ. ಅವರು ಜೂನ್‌ನಲ್ಲಿ ಅದನ್ನು ಪೂರ್ತಿ ಬಿಟ್ಟು ಆ ದಿನಗಳಿಗೆ ಹೆಸರುಕಾಳು ಹಾಕಿಸಿದರಂತೆ.