ಸ್ವಿಚ್‌ನಲ್ಲಿ ಪೋರ್ಟ್ ಮಿರರಿಂಗ್ ಅಳವಡಿಸುವ ಕ್ರಮ

ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಸಾಧನವಾದ ಸ್ವಿಚ್ ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ (ದತ್ತಾಂಶದ ತುಣುಕನ್ನೂ) ಅದು ಸೇರಬೇಕಾದ ಪೋರ್ಟಿಗಷ್ಟೇ ಕಳುಹಿಸುವುದರಿಂದ, ಬೇರೊಂದು ಪೋರ್ಟಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಜಾಲದ ಸಂಚಾರವನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ಕುಳಿತರೂ ಆ ಸಂಚಾರ ಕಾಣುವುದಿಲ್ಲ. ಅದರ ನಕಲನ್ನು ನಾವು ಗೊತ್ತುಮಾಡಿದ ಪೋರ್ಟಿಗೆ ಒದಗಿಸುವ ವ್ಯವಸ್ಥೆಯೇ ಪೋರ್ಟ್ ಮಿರರಿಂಗ್. ಸಿಸ್ಕೋ ಸ್ವಿಚ್‌ಗಳಲ್ಲಿ ಇದಕ್ಕೆ ಸ್ಪ್ಯಾನ್ ಎಂಬ ಹೆಸರಿದೆ.

ನಕಲು ತಲುಪುವ ಪೋರ್ಟ್ ಸಾಮಾನ್ಯವಾಗಿ ತನ್ನ ದೈನಂದಿನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಬಳಕೆಯಲ್ಲಿಲ್ಲದ ಪೋರ್ಟನ್ನೇ ಆರಿಸಬೇಕು. ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವವರು, ತಾವು ಒಳಬಂದ ಸಂಪರ್ಕದ ಪೋರ್ಟನ್ನೇ ಆರಿಸಿಲ್ಲವೆಂದು ಎರಡು ಬಾರಿ ನೋಡಿಕೊಳ್ಳುವುದು ಒಳ್ಳೆಯದು.

ಸಿಸ್ಕೋ ಸ್ವಿಚ್‌ಗಳನ್ನು ನಡೆಸುವ ತಂತ್ರಾಂಶವಾದ ಐಒಎಸ್‌ನ ಕಾನ್ಫಿಗರೇಶನ್ ಮೋಡ್‌ನಲ್ಲಿ ಮೊದಲು ‘ಮಾನಿಟರ್ ಸೆಷನ್ 1 ಸೋರ್ಸ್ ಇಂಟರ್‌ಫೇಸ್’ ಎಂದು ಬರೆದು, ಗಮನಿಸಬೇಕಾದ ಪೋರ್ಟನ್ನೂ ‘ಬೋತ್’ ಎಂಬ ಪದವನ್ನೂ ಸೇರಿಸಬೇಕು. ಒಳಬರುವ ಸಂಚಾರ ಮಾತ್ರ ಸಾಕಾದರೆ ‘ಆರ್‌ಎಕ್ಸ್’, ಹೊರಹೋಗುವುದು ಮಾತ್ರ ಸಾಕಾದರೆ ‘ಟಿಎಕ್ಸ್’ ಎನ್ನಬೇಕು. ನಂತರ ‘ಮಾನಿಟರ್ ಸೆಷನ್ 1 ಡೆಸ್ಟಿನೇಶನ್ ಇಂಟರ್‌ಫೇಸ್’ ಎಂದು ನಕಲಿನ ಪೋರ್ಟನ್ನು ಹೆಸರಿಸಿ, ‘ಶೋ ಮಾನಿಟರ್’ ಮೂಲಕ ಪರಿಶೀಲಿಸಬೇಕು.

ಹೆಚ್ಚಿನವರು ಎಡವುವುದು ವೇಗದ ಲೆಕ್ಕದಲ್ಲಿ. 1 ಗಿಗಾಬಿಟ್ ಫುಲ್ ಡುಪ್ಲೆಕ್ಸ್ (ಒಂದೇ ವೇಳೆಗೆ ಕಳುಹಿಸುವ ಮತ್ತು ಪಡೆಯುವ) ಪೋರ್ಟಿನ ಎರಡೂ ದಿಕ್ಕುಗಳು ತುಂಬಿದ್ದರೆ ನಕಲು 2 ಗಿಗಾಬಿಟ್ ಆಗುತ್ತದೆ. ಡೆಸ್ಟಿನೇಶನ್ ಪೋರ್ಟ್ 1 ಗಿಗಾಬಿಟ್‌ನದ್ದಾಗಿದ್ದರೆ ಮಿಕ್ಕ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ, ಮತ್ತು ನೋಡುವವರು ಅದನ್ನು ಜಾಲದ ದೋಷವೆಂದು ತಪ್ಪಾಗಿ ತಿಳಿಯಬಹುದು.

ವಿಶ್ಲೇಷಣಾ ಕಂಪ್ಯೂಟರ್ ಇನ್ನೊಂದು ಸ್ವಿಚ್‌ನಲ್ಲಿದ್ದರೆ ಪ್ರತ್ಯೇಕ ವಿಲ್ಯಾನ್ (ಅದೇ ಜಾಲದೊಳಗೆ ಬೇರ್ಪಡಿಸಿದ ವರ್ಚುವಲ್ ಜಾಲ) ಬಳಸುವ ಆರ್‌ಸ್ಪ್ಯಾನ್, ರೂಟರ್‌ಗಳನ್ನು ದಾಟಬೇಕಿದ್ದರೆ ನಕಲನ್ನು ಜಿಆರ್‌ಇ ಎಂಬ ಪ್ರೋಟೋಕಾಲ್‌ನ ಹೊದಿಕೆಯಲ್ಲಿಟ್ಟು ಕಳುಹಿಸುವ ಇಆರ್‌ಸ್ಪ್ಯಾನ್ ಬೇಕಾಗುತ್ತದೆ. ಕೆಲಸ ಮುಗಿದ ಬಳಿಕ ‘ನೋ ಮಾನಿಟರ್ ಸೆಷನ್ 1’ ಎಂದು ಬರೆದು ಸೆಷನ್ ತೆಗೆದುಹಾಕಬೇಕು.