ಹಳೇ ಸೀರೆ, ಸೂಜಿ, ಸ್ಪೀಕರ್ ಮ್ಯಾಗ್ನೆಟ್: ಮಕ್ಕಳಿಗೆ 'ಗಡಿ ದಾಟೋ ಆಟ' ಆಡ್ಸೋದು ಹೀಗೆ

ಬೇಸಿಗೆ ರಜದಲ್ಲಿ ಶ್ರೀರಂಗಪಟ್ಟಣದ ಕಡೆ ಮಕ್ಕಳನ್ನ ಸೇರಿಸ್ಕೊಂಡು ನಾನು ಆಡ್ಸೋ ಆಟ ಇದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಎಂಐ9 ಅಂತ ಒಂದು ಗುಪ್ತಚರ ವಿಭಾಗ ಇತ್ತು, 1939ರ ಡಿಸೆಂಬರಲ್ಲಿ ಶುರುವಾಗಿದ್ದು. ಶತ್ರುಗಳ ನೆಲದಲ್ಲಿ ಸಿಕ್ಕಾಕ್ಕೊಂಡ ಸೈನಿಕ್ರು, ವಿಮಾನ ಬಿದ್ದು ಬದುಕುಳಿದ ಪೈಲಟ್‌ಗಳು ವಾಪಸ್ ಬರೋಕೆ ಬೇಕಾದ್ದನ್ನ ಹೊಂದಿಸೋದೇ ಅವ್ರ ಕೆಲ್ಸ. ಅವ್ರು ಮಾಡಿದ್ದರಲ್ಲಿ ಕೆಲವನ್ನ ನಾವು ಮನೆ ಸಾಮಾನಲ್ಲೇ ಮಾಡ್ಬೋದು.

ಮೊದ್ಲು ಮ್ಯಾಪು. ಅವ್ರು ರೇಷ್ಮೆ ಮೇಲೆ ಪ್ರಿಂಟ್ ಹಾಕಿಸ್ತಿದ್ರು, ಯಾಕಂದ್ರೆ ರೇಷ್ಮೆ ಪೇಪರ್ ಥರ ಸದ್ದು ಮಾಡಲ್ಲ, ನೆಂದ್ರೂ ಹರಿಯಲ್ಲ, ಮುದುರಿ ಬಟ್ಟೆ ಒಳಗೆ ಹೊಲ್ಕೋಬೋದು. ನಮ್ಮ ಕಡೆ ರೇಷ್ಮೆಗೇನು ಬರ, ಅಜ್ಜಿಯ ಹಳೇ ಸೀರೇಲಿ ಜರಿ ಇಲ್ದಿರೋ ತಿಳಿ ಬಣ್ಣದ ಒಂದು ಮೊಳ ಸಾಕು, ಇಲ್ಲಾಂದ್ರೆ ಹಳೇ ಪಂಚೆ. ನೇರವಾಗಿ ಪೆನ್ನಲ್ಲಿ ಬರೆದ್ರೆ ಶಾಯಿ ಹರಡುತ್ತೆ. ಎಂಐ9ನ ಕ್ಲೇಟನ್ ಹಟನ್‌ಗೂ ಇದೇ ತೊಂದ್ರೆ ಆಗಿತ್ತು, ಆತ ಜಾಮ್ ಗಟ್ಟಿ ಮಾಡೋ ಪೆಕ್ಟಿನ್‌ನ ಶಾಯಿಗೆ ಬೆರೆಸಿ ಸರಿ ಮಾಡ್ದ. ನಾವು ಬಟ್ಟೇನ ಅಕ್ಕಿ ಗಂಜೀಲಿ ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿ, ಮಾರ್ಕರಲ್ಲಿ ಬರೆದ್ರೆ ಆಯ್ತು. ಕಾವೇರಿಯ ಎರಡು ಕವಲು, ಕರಿಘಟ್ಟ, ರೈಲು ಹಳಿ, ಸೇತುವೆ, ನಾಲೆ ಎಲ್ಲ ಬರಲಿ. ಯಾರ ಮನೆ ಗುರ್ತೂ ಬೇಡ. ಮ್ಯಾಪು ಸಿಕ್ಕಿಬಿದ್ರೆ ಆ ಮನೆಯವ್ರೂ ಸಿಕ್ಕಿಬೀಳ್ತಾರೆ.

ಆಮೇಲೆ ದಿಕ್ಸೂಚಿ. ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಹೊಲಿಗೆ ಸೂಜೀನ ಒಂದೇ ದಿಕ್ಕಿಗೆ ಒಂದು 40 ಸಲ ಉಜ್ಜಿ, ಹಿಂದೆ ಮುಂದೆ ಎಳೀಬೇಡಿ. ತೆಂಗಿನ ಚಿಪ್ಪಲ್ಲಿ ನೀರು ಹಾಕಿ ಒಣಗಿದ ಎಲೆ ಮೇಲೆ ಸೂಜಿ ಇಟ್ಟು ತೇಲಿಸಿ, ಮೊಬೈಲ್ ದೂರ ಇರಲಿ. ಯಾವ ತುದಿ ಉತ್ತರ ಅನ್ನೋದನ್ನ ಬೆಳಗ್ಗೆ ಸೂರ್ಯನ ನೋಡಿ ಗುರ್ತು ಹಾಕ್ಕೊಳ್ಳಿ. ಅವ್ರು ಇದನ್ನ ಕೋಟಿನ ಗುಂಡಿ ಒಳಗೇ ಇಟ್ಟಿದ್ರು, ಗುಂಡಿಯ ತಿರುಪು ಉಲ್ಟಾ, ಜರ್ಮನ್ನರು ಬಿಚ್ಚೋಕೆ ತಿರುಗಿಸಿದ್ರೆ ಇನ್ನೂ ಬಿಗಿ ಆಗ್ತಿತ್ತು!

ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತೆ ಅಂತ ಮಾತ್ರ ಹೇಳಿಕೊಡ್ಬೇಡಿ. ನಮ್ಮೂರಿನ ಅಕ್ಷಾಂಶ ಸುಮಾರು 12 ಡಿಗ್ರಿ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ರಜದ ಆಟ ಇರೋದೇ ಆಗ. ಧ್ರುವ ನಕ್ಷತ್ರ ಕೂಡ ಇಲ್ಲಿ ತುಂಬ ಕೆಳಗೆ, ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದ್ರೆ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ, ಮರಗಿಡ ಅಡ್ಡ ಇದ್ರೆ ಕಾಣೋದೇ ಇಲ್ಲ.

ಈಗ ಆಟ. 12 ಮಕ್ಕಳಿದ್ರೆ ಇಬ್ಬರು ಸೈನಿಕ್ರು, ನಾಲ್ವರು ಹುಡುಕೋರು, ಉಳಿದ ಆರು ಜನ ಬಾಗಿಲು ತೆಗೆಯೋರು, ಅಂದ್ರೆ ಸೈನಿಕ್ರಿಗೆ ಆಸರೆ ಕೊಟ್ಟು ಗಡಿ ಕಡೆ ಕಳಿಸೋರು. ಒಬ್ಬೊಬ್ಬರಿಗೂ ಮುಂದಿನ ಒಬ್ಬರ ಗುರ್ತು ಮಾತ್ರ ಗೊತ್ತಿರ್ಬೇಕು, ಒಬ್ಬರ ಕೈಲಿ ಕಬ್ಬಿನ ತುಂಡು, ಇನ್ನೊಬ್ಬರ ಜೇಬಲ್ಲಿ ಮಲ್ಲಿಗೆ, ಹಂಗೆ. ಸೈನಿಕ ಸಿಕ್ಕಿಬಿದ್ರೆ ಶುರುವಿಗೆ ವಾಪಸ್. ಬಾಗಿಲು ತೆಗೆದೋರು ಸಿಕ್ಕಿಬಿದ್ರೆ ಆಟದಿಂದಲೇ ಔಟ್. ಮಕ್ಕಳು ಇದು ಅನ್ಯಾಯ ಅಂತ ಜಗಳಕ್ಕೆ ಬರ್ತಾರೆ, ಅಲ್ಲೇ ಕೂರಿಸಿ ನಿಜ ಹೇಳಿ, ನನಗೆ ಇಡೀ ಆಟದಲ್ಲಿ ಮುಖ್ಯ ಅನ್ಸೋದು ಇದೇ. ಸೈನಿಕನ್ನ ಯುದ್ಧಕೈದಿ ಅಂತ ಕಾಪಾಡೋಕೆ 1929ರ ಜಿನೀವಾ ಒಪ್ಪಂದ ಇತ್ತು, ಊಟ ಹಾಕಿ ಮಲಗೋಕೆ ಜಾಗ ಕೊಟ್ಟ ಮನೆಯವ್ರಿಗೆ ಏನೂ ಇರಲಿಲ್ಲ. ಬೆಲ್ಜಿಯಮ್ಮಿನ ಆಂದ್ರೇ ದ ಯೋಂಗ್ 1941ರಲ್ಲಿ 24 ವರ್ಷದ ಹುಡುಗಿ, ಪಿರನೀಸ್ ಬೆಟ್ಟ ದಾಟಿಸಿ ಸೈನಿಕ್ರನ್ನ ಸ್ಪೇನಿಗೆ ಸೇರಿಸ್ತಿದ್ಲು, 1943ರ ಜನವರೀಲಿ ಸಿಕ್ಕಿಬಿದ್ದು ನಾಜಿ ಕ್ಯಾಂಪುಗಳಲ್ಲಿ ನರಳಿದ್ಲು. ಹಾಂಗ್‌ಕಾಂಗಲ್ಲಿ ನಮ್ಮವರೇ ಆದ ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ, ರಜಪೂತ್ ರೆಜಿಮೆಂಟಿನವ್ರು, ಕೈದಿಗಳನ್ನ ತಪ್ಪಿಸೋ ಕೆಲಸದಲ್ಲಿದ್ರು. ಜಪಾನೀಯರು ಎಷ್ಟು ಹಿಂಸೆ ಕೊಟ್ರೂ ಬಾಯಿ ಬಿಡಲಿಲ್ಲ, 1943ರ ಅಕ್ಟೋಬರಲ್ಲಿ ಕೊಂದ್ರು. ಈ ಮಾತು ಹೇಳುವಾಗ ಪ್ರತಿ ಸಲ ಮಕ್ಕಳು ಸುಮ್ನಾಗಿಬಿಡ್ತಾರೆ, ನನಗೂ ಗಂಟಲು ಕಟ್ಟುತ್ತೆ.

ಹೊಳೆ ಹತ್ರ, ಹಳಿ ಹತ್ರ ಆಡ್ಸಬೇಡಿ, ಮ್ಯಾಪಲ್ಲಿ ಇದ್ರೆ ಸಾಕು. ಕತ್ತಲಾಗೋಕೆ ಮುಂಚೆ ಮುಗಿಸಿ. ಸೈನಿಕ್ರ ಡಬ್ಬೀಲಿ ಹುರಿಗಡಲೆ, ಬೆಲ್ಲ, ನೀರಿರಲಿ. ಗಡಿ ದಾಟಿದವ್ರು ಯಾವ ದಾರೀಲಿ ಬಂದ್ವಿ ಅಂತ ಖುಷೀಲಿ ಹೇಳೋಕೆ ಶುರು ಮಾಡ್ತಾರೆ, ಆಗ ಯಾರಾದ್ರೂ ಬಾಗಿಲು ತೆಗೆದವ್ರ ಹೆಸ್ರು ಬಾಯಿಬಿಟ್ರೆ ಆ ಹೆಸ್ರಿನವ್ರೂ ಔಟ್.