ಕಾಫಿಪುಡಿ ಡಬ್ಬಿಯಲ್ಲಿ ಮಳೆ

ನಮ್ಮ ಮನೆ ತೀರ್ಥಹಳ್ಳಿ ತಾಲೂಕಿನಲ್ಲಿ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕು. ಮಗಳಿಗೆ 11, ಮಗನಿಗೆ 7. ಮೂರು ವರ್ಷದಿಂದ ಇಬ್ಬರೂ ಮನೆಯಲ್ಲೇ ಕಲಿಯುತ್ತಿದ್ದಾರೆ. 'ಇಡೀ ದಿನ ಮಕ್ಕಳಿಗೆ ಎಂತ ಮಾಡಿಸ್ತೀರಿ ಮಾರಾಯ್ತಿ?' ಅಂತ ಕೇಳುವವರು ಜಾಸ್ತಿ. ಜುಲೈ ತಿಂಗಳ ಒಂದು ವಾರ ಡೈರಿ ಬರೆದಿಟ್ಟಿದ್ದೆ. ಅದನ್ನೇ ನೋಡಿಕೊಂಡು ಹೇಳುತ್ತೇನೆ.

ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೂವರೆ ಗಂಟೆ ಲೆಕ್ಕ ಮತ್ತು ಬರವಣಿಗೆ. ಇದೊಂದು ತಪ್ಪುವುದಿಲ್ಲ. ಸುಮ್ನೆ ಬಿಟ್ಟರೆ ಮಕ್ಕಳು ಎಲ್ಲವನ್ನೂ ತಾವಾಗೇ ಕಲಿಯುತ್ತಾರೆ ಅಂತ ನಾನೂ ನಂಬಿದ್ದೆ. ಒತ್ತಕ್ಷರ ತಾನಾಗಿ ಬರಲಿಲ್ಲ. ಏಳರ ಮಗ್ಗಿಯೂ ಬರಲಿಲ್ಲ. ಹಾಗಂತ ಶಾಲೆಯಂತೆ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ ವರ್ಷವೂ ನೆಟ್ಟಗೆ ನಡೆಯಲಿಲ್ಲ. ಸಮಾಜ ವಿಜ್ಞಾನದ ಪೀರಿಯಡ್ಡಿಗೇ ಸರಿಯಾಗಿ ದನ ಹಗ್ಗ ಬಿಚ್ಚಿಕೊಂಡು ಹೋಗುತ್ತಿತ್ತು. ಈಗ ಬೆಳಗಿನ ಪಾಠ ಗಟ್ಟಿ. ಉಳಿದದ್ದು ಮಳೆ, ತೋಟ ನೋಡಿಕೊಂಡು.

ಸೋಮವಾರ ಮಗ ಮಳೆ ಅಳೆಯಲು ಹೊರಟ. ಹಿಟ್ಟಿನ ದೊಡ್ಡ ಡಬ್ಬಿ, ಕಾಫಿಪುಡಿಯ ಸಣ್ಣ ಡಬ್ಬಿ, ಒಂದು ಚೊಂಬು, ಮೂರನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟ. ಮಂಗಳವಾರ ಬೆಳಿಗ್ಗೆ ಕೊಡೆ ಹಿಡಿದು ಸ್ಕೇಲ್ ಇಳಿಸಿ ನೋಡಿದರೆ ದೊಡ್ಡ ಡಬ್ಬಿಯಲ್ಲಿ 62 ಮಿಲಿಮೀಟರ್. ಸಣ್ಣದರಲ್ಲೂ 62. ಚೊಂಬಿನಲ್ಲಿ ಮಾತ್ರ 40 ಕೂಡ ಇಲ್ಲ.

'ದೊಡ್ಡ ಡಬ್ಬಿಗೆ ಜಾಸ್ತಿ ಬೀಳಬೇಕು ಅಲ್ವಾ? ಅಕ್ಕ ಚೆಲ್ಲಿದಾಳೆ' ಅಂತ ಜಗಳ ತೆಗೆದ.

ನಾನು ಬಾಯಿ ಬಿಡಲಿಲ್ಲ. ಹೇಳಿಬಿಡುವ ಚಪಲ ನನಗೆ ಬಹಳ. ಅವತ್ತು ಅದನ್ನು ತಡೆದುಕೊಂಡಿದ್ದೇ ನಾನು ಮಾಡಿದ ಪಾಠ. ಅಕ್ಕ ಸಿಟ್ಟಿನಲ್ಲೇ ದೊಡ್ಡ ಡಬ್ಬಿಯ ನೀರನ್ನು ಸಣ್ಣದಕ್ಕೆ ಅದೇ 62ರ ಗೆರೆವರೆಗೆ ಸುರಿದು ಎಣಿಸುತ್ತಾ ಹೋದಳು. ಒಂಬತ್ತು ಸಲ ಬಂತು. ನೀರು ಜಾಸ್ತಿಯೇ ಇದೆ, ಆದರೆ ಎತ್ತರ ಒಂದೇ. ಡಬ್ಬಿ ದೊಡ್ಡದಾದರೆ ನೀರು ಹರಡಿಕೊಳ್ಳಲು ಜಾಗವೂ ಅಷ್ಟೇ ದೊಡ್ಡದು ಅಂತ ತಮ್ಮನಿಗೆ ಹೊಳೆಯಿತು. ಚೊಂಬಿನ ಬಾಯಿ ಸಣ್ಣ, ಹೊಟ್ಟೆ ದೊಡ್ಡ. ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಅವನೇ ತೀರ್ಮಾನ ಮಾಡಿ ಒಳಗೆ ತಂದಿಟ್ಟ.

ಈಗ ತಲೆ ಕೆಟ್ಟಿದ್ದು ಅಕ್ಕನಿಗೆ. ದೊಡ್ಡ ಡಬ್ಬಿಯ ಬಾಯಿ 24 ಸೆಂಟಿಮೀಟರ್, ಸಣ್ಣದರದು 8. ಮೂರು ಪಟ್ಟು ಅಗಲಕ್ಕೆ ಒಂಬತ್ತು ಪಟ್ಟು ನೀರು ಎಂತಕೆ? ಎರಡು ದಿನ ಚೌಕುಳಿ ಹಾಳೆಯಲ್ಲಿ ವೃತ್ತ ಬರೆದು ಮನೆ ಎಣಿಸಿದಳು. ವೃತ್ತದ ವಿಸ್ತೀರ್ಣದ ಸೂತ್ರವನ್ನು ಹೋದ ವರ್ಷ ನಾನೇ ಬಾಯಿಪಾಠ ಮಾಡಿಸಿದ್ದೆ. ಅದು ಇದೇ ಅಂತ ಅವಳಿಗೆ ಗೊತ್ತಾಗಿದ್ದು ಬುಧವಾರ ಸಂಜೆ, ಬಚ್ಚಲೊಲೆ ಮುಂದೆ ಕಾಲು ಕಾಯಿಸಿಕೊಳ್ಳುವಾಗ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಹೆಂಚಿನ ಮಾಡು ಸುಮಾರು 120 ಚದರ ಮೀಟರ್ ಜಾಗ ಮುಚ್ಚುತ್ತದೆ. ಅಂದರೆ ಆ ಒಂದೇ ದಿನ 7,440 ಲೀಟರ್ ನೀರು ಸೂರಿನಿಂದ ಇಳಿದಿದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವುದೂ ಉಂಟು ಅಂತ ನಮ್ಮ ಯಜಮಾನರು ಹೇಳಿದ್ದೇ ತಡ, ಮಕ್ಕಳು ಅದನ್ನೂ 120ರಿಂದ ಗುಣಿಸಿದರು. ಎಂಟು ಲಕ್ಷದ ನಲವತ್ತು ಸಾವಿರ!

ನಮ್ಮ ಅತ್ತೆಗೆ ಮಿಲಿಮೀಟರಿನ ಮೇಲೆ ನಂಬಿಕೆ ಇಲ್ಲ. 'ಇದು ಪುನರ್ವಸು ಮಳೆ, ಮುಂದಿನದು ಪುಷ್ಯ' ಅನ್ನುತ್ತಾರೆ. ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮರುದಿನ ಬೆಳಗಿನ ಭಾಗಾಕಾರ ಅದೇ ಆಯಿತು. ಮಕ್ಕಳು ಶಾಲೆಗೆ ಹೋಗದಿರುವುದು ಅತ್ತೆಗೆ ಇವತ್ತಿಗೂ ಸಮಾಧಾನವಿಲ್ಲ. ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ಎಂತ ಹೇಳುವುದು ಅನ್ನುವುದು ಅವರ ಕಷ್ಟ.

ಗುರುವಾರ ಮಳೆ ಬಿಟ್ಟು ಹೊಳವಾಯಿತು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲೇಬೇಕು. ಜೂನ್ ಮೊದಲ ವಾರ ಒಮ್ಮೆ ಹೊಡೆದಿದ್ದೆವು, 40 ದಿನ ಆಗಿತ್ತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸಿಂಪಡಿಸುವಾಗ ಮಕ್ಕಳನ್ನು ತೋಟಕ್ಕೆ ಬಿಡುವುದಿಲ್ಲ. ಬೆರೆಸುವಾಗ ದೂರದಲ್ಲಿ ನಿಂತು ನೋಡಬಹುದು. ಯಜಮಾನರು ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪು ಕಲೆ! ಸುಣ್ಣ ಹಳೆಯದು, ಸತ್ವ ಕಡಿಮೆ. ತಾಮ್ರ ಹಾಗೇ ಉಳಿದರೆ ಎಳೆಕಾಯಿ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿದ ಮೇಲೆ ಚಾಕು ಬೆಳ್ಳಗೇ ಬಂತು. 'ಕಬ್ಬಿಣ ತಾಮ್ರ ಆಯ್ತಾ?' ಅಂದ ಮಗ. ಕಬ್ಬಿಣ ಸ್ವಲ್ಪ ಕರಗಿ ಜಾಗ ಬಿಡುತ್ತದೆ, ನೀರಿನಲ್ಲಿದ್ದ ತಾಮ್ರ ಬಂದು ಅಲ್ಲಿ ಕೂರುತ್ತದೆ ಅಂದೆ. 'ಬಸ್ಸಲ್ಲಿ ಸೀಟ್ ಹಿಡ್ದಂಗೆ' ಅಂದ.

ಶುಕ್ರವಾರ ಕರೆಂಟಿಲ್ಲ. ನನಗೆ ತಲೆನೋವು. ಬೆಳಗಿನ ಪಾಠ ಮುಗಿಸಿ ಇಡೀ ದಿನ ಚನ್ನೆಮಣೆ. ಶನಿವಾರ ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆಯಲ್ಲಿ ಇಳಿದೆವು. ತುಂಗೆ ತುಂಬಿ ಮರಗಳು ಅರ್ಧ ನೀರಲ್ಲಿ, ಮೇಲೆ ಬೆಳ್ಳಕ್ಕಿ, ನೀರುಕಾಗೆಗಳ ಗದ್ದಲ. ನೋಡಿದೆವು, ಹೊರಟೆವು. ಅಲ್ಲೂ ಪಾಠ ಮಾಡಲು ಹೋಗಲಿಲ್ಲ.

ಆಗದೇ ಇರುವುದೂ ಇದೆ. ಹಿಂದಿಯನ್ನು ಮುಟ್ಟಿಲ್ಲ. ಇಂಗ್ಲಿಷ್ ಕುಂಟುತ್ತಿದೆ. ಮಳೆಗಾಲದಲ್ಲಿ ಬೇರೆ ಮಕ್ಕಳು ಸಿಗುವುದೇ ಕಷ್ಟ. ಸಂಜೆ ಶಾಲೆಯ ಮಕ್ಕಳು ಬಸ್ಸಿಳಿಯುವ ಹೊತ್ತಿಗೆ ಇವರನ್ನೂ ಇಂಬಳ (ಜಿಗಣೆ) ಕಚ್ಚಿಸಿಕೊಂಡಾದರೂ ಅಲ್ಲಿಗೆ ಕಳಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಕಲಿಕೆಯ ಮಾತೇ ಇಲ್ಲ. ಮಗಳಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೇ ತರಗತಿ ಕಟ್ಟಿಸುವ ಯೋಚನೆ. 'ನಾನು ಹೈಸ್ಕೂಲಿಗೇ ಹೋಗ್ತೇನೆ' ಅಂತ ಈಚೆಗೆ ಅವಳು ಎರಡು ಸಲ ಹೇಳಿದ್ದಾಳೆ. ಹೋಗುವುದಾದರೆ ಹೋಗಲಿ.

ಭಾನುವಾರದ ಡೈರಿಯಲ್ಲಿ ಇರುವುದು ಎರಡೇ ಸಾಲು. ಮಳೆ 8 ಮಿಲಿಮೀಟರ್. ಡಬ್ಬಿ ಇನ್ನೂ ಅಂಗಳದಲ್ಲೇ ಇದೆ, ಕಾಫಿಪುಡಿ ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗುತ್ತಿದೆ.